ನೋಡಿದ್ರೆ ನಾಚುವ ದೆವ್ವಕ್ಕೂ ಒಂದು ಜಾಗ ಕೊಡಿ

ಹೋದ ಬೇಸಿಗೆ ರಜೆಗೆ ಅಕ್ಕನ ಮಗ ಪುಟ್ಟ ತುಮಕೂರಿನಿಂದ ಬಂದು ನಮ್ಮನೆಯಲ್ಲಿ ಮೂರು ವಾರ ಇದ್ದ. ಹನ್ನೊಂದು ವರ್ಷದ ಹುಡುಗ. ಮಾತು ಕಮ್ಮಿ. ಬಿಟ್ಟು ಹೋಗೋಕೆ ಬಂದ ಅಕ್ಕ ನನ್ನನ್ನ ಅಡುಗೆಮನೆಗೆ ಎಳ್ಕೊಂಡು ಹೋಗಿ ದನಿ ತಗ್ಗಿಸಿ ಹೇಳಿದ್ಲು: “ಇವನಿಗೆ ಸ್ವಲ್ಪ ಧೈರ್ಯ ಕಲಿಸೇ. ಸ್ಕೂಲ್ ಡೇ ದಿನ ಪದ್ಯ ಹೇಳೋಕೆ ಅಂತ ಸ್ಟೇಜ್ ಹತ್ತಿದೋನು ಎರಡೂ ಕೈಯಲ್ಲಿ ಮುಖ ಮುಚ್ಕೊಂಡು ನಿಂತುಬಿಟ್ಟ. ಎಲ್ಲಾ ನಕ್ಕರು. ನನಗೆ ಭೂಮಿ ಬಾಯ್ಬಿಡಬಾರದಾ ಅನ್ನಿಸಿಬಿಡ್ತು.”

ಧೈರ್ಯ ಕಲಿಸೋಕೆ ಅಕ್ಕ ಆರಿಸಿದ್ದು ಯಾರನ್ನ ನೋಡಿ! ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡೋಳು. ತಪ್ಪು ಹುಡುಕಿ ನಾಲ್ಕು ಪುಟ ಬರೆದು ಕೊಡು ಅಂದ್ರೆ ಖುಷಿಯಾಗಿ ಬರೀತೀನಿ. ಅದೇ ವಿಷಯವನ್ನ ಮೀಟಿಂಗ್‌ನಲ್ಲಿ ಕ್ಯಾಮೆರಾ ಆನ್ ಮಾಡಿ ಹೇಳು ಅಂದ್ರೆ ಗಂಟಲು ಕಟ್ಟುತ್ತೆ. ಇದು ಅಕ್ಕನಿಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡ್ಕೊಂಡಿದ್ದೀನಿ.

ಹಾಗಾಗಿ ಧೈರ್ಯದ ಪಾಠ ಪಕ್ಕಕ್ಕಿಟ್ಟು, ಚಿಕ್ಕಮ್ಮ ಮತ್ತು ಮಗ ಇಬ್ಬರೂ ಟಿವಿ ಮುಂದೆ ಕೂತು ಗೇಮ್ ಆಡಿದೆವು. ಮೊದಲ ವಾರ ಪೂರ್ತಿ ಮಾರಿಯೋ. ಎರಡನೇ ವಾರ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್’.

ಆಡದವರಿಗೆ ಎರಡು ಮಾತು. ಬೇರೆ ಬೇರೆ ವಿಡಿಯೋ ಗೇಮ್‌ಗಳ ಪಾತ್ರಗಳನ್ನ ಒಂದೇ ಅಖಾಡಕ್ಕೆ ತಂದು ಕುಸ್ತಿಗೆ ಬಿಡೋ ಆಟ ಇದು. ಮೊದಲನೆಯದು ಬಂದಿದ್ದು 1999ರಲ್ಲಿ, ನಿಂಟೆಂಡೊ 64 ಯಂತ್ರಕ್ಕೆ. ಆಗ ಇದ್ದದ್ದು 12 ಜನ. ಇದರ ರೂವಾರಿ ಮಸಾಹಿರೊ ಸಕುರಾಯ್. ಮೊದಮೊದಲು ಇದರಲ್ಲಿ ಮಾರಿಯೋನೂ ಇರಲಿಲ್ಲ, ಪಿಕಾಚುನೂ ಇರಲಿಲ್ಲ. ಹೆಸರಿಲ್ಲದ ಬೊಂಬೆಗಳು ಹೊಡೆದಾಡೋ ಒಂದು ಪ್ರಯೋಗ ಅಷ್ಟೇ. ಅದರ ಪ್ರೋಗ್ರಾಮ್ ಬರೆದುಕೊಟ್ಟವರು ಮುಂದೆ ನಿಂಟೆಂಡೊ ಕಂಪನಿಯ ಅಧ್ಯಕ್ಷರೇ ಆದ ಸಟೊರು ಇವಾಟಾ. 2018ರ ಡಿಸೆಂಬರ್‌ನಲ್ಲಿ ಬಂದ ‘ಅಲ್ಟಿಮೇಟ್’ನಲ್ಲಿ, ಆಮೇಲೆ ಸೇರಿಸಿದವರನ್ನೂ ಲೆಕ್ಕ ಹಾಕಿದರೆ 89 ಹೋರಾಟಗಾರರಿದ್ದಾರೆ. ಸೋನಿಕ್ ಇದ್ದಾನೆ, ಪ್ಯಾಕ್-ಮ್ಯಾನ್ ಇದ್ದಾನೆ, ಸ್ಟ್ರೀಟ್ ಫೈಟರ್‌ನ ರ‍್ಯೂ ಇದ್ದಾನೆ, ಮೈನ್‌ಕ್ರಾಫ್ಟ್‌ನ ಸ್ಟೀವ್ ಕೂಡ ಇದ್ದಾನೆ.

ಆ 89 ಮುಖಗಳ ಮೇಲೆ ಮೂರು ಸಲ ಕೈ ಓಡಿಸಿ ಪುಟ್ಟ ಕೇಳಿದ: “ಚಿಕ್ಕಮ್ಮ, ಇದ್ರಲ್ಲಿ ಬೂ ಯಾಕಿಲ್ಲ?”

ಮಾರಿಯೋ ಆಟ ಆಡಿದವರಿಗೆಲ್ಲ ಬೂ ಗೊತ್ತಿರುತ್ತೆ. ಉಂಡೆ ಆಕಾರದ ಬಿಳಿ ದೆವ್ವ. ಚೂಪು ಹಲ್ಲು, ಕೆಂಪು ನಾಲಿಗೆ, ಮೋಟು ಕೈ. ಕಾಲಿಲ್ಲ, ತೇಲುತ್ತೆ. 1988ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಸೂಪರ್ ಮಾರಿಯೋ ಬ್ರದರ್ಸ್ 3’ರಲ್ಲಿ ಮೊದಲ ಸಲ ಕಾಣಿಸಿಕೊಂಡಿತು. ಅದರ ಸ್ವಭಾವ ವಿಚಿತ್ರ. ಮಾರಿಯೋ ಅದರ ಕಡೆ ಮುಖ ಮಾಡಿ ನಿಂತರೆ ನಾಚಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಲ್ಲೇ ನಿಲ್ಲುತ್ತೆ. ಬೆನ್ನು ತಿರುಗಿಸಿದ ಅಂದ್ರೆ ಸಾಕು, ಹಲ್ಲು ಕಿರಿದು ಅಟ್ಟಿಸಿಕೊಂಡು ಬರುತ್ತೆ. ಜಪಾನಿನಲ್ಲಿ ಇದರ ಹೆಸರು ‘ತೆರೆಸಾ’. ನಾಚಿಕೊಳ್ಳುವುದಕ್ಕೆ ಆ ಭಾಷೆಯಲ್ಲಿ ‘ತೆರೆರು’ ಅಂತಾರೆ, ಆ ಮಾತಿನಿಂದಲೇ ಹುಟ್ಟಿದ ಹೆಸರು.

ನಮ್ಮ ಕಡೆ ದೆವ್ವದ ಕಾನೂನು ಪೂರ್ತಿ ಉಲ್ಟಾ. ರಾತ್ರಿ ಹುಣಸೆಮರದ ದಾರೀಲಿ ಬರುವಾಗ ಹಿಂದಿನಿಂದ ಯಾರೇ ಕರೆದರೂ ತಿರುಗಿ ನೋಡಬೇಡ ಅಂತ ನಮ್ಮಜ್ಜಿ ಹೇಳೋರು. ತಿರುಗಿ ನೋಡಿದ್ರೆ ಕೆಟ್ಟೆ. ಬೂ ವಿಷಯದಲ್ಲಿ ತಿರುಗಿ ನೋಡದೇ ಇದ್ರೆ ಕೆಟ್ಟೆ. ಇದನ್ನ ಹೇಳಿದಾಗ ಪುಟ್ಟ ಜೋರಾಗಿ ನಕ್ಕ. ಬಂದ ಮೇಲೆ ಅವನು ಹಾಗೆ ನಕ್ಕಿದ್ದು ಅದೇ ಮೊದಲು.

ನಾನು ಮಾತ್ರ ಅವನ ಪ್ರಶ್ನೆಗೆ ದೊಡ್ಡವರ ಥರ ಉತ್ತರ ಕೊಟ್ಟೆ. “ಅಯ್ಯೋ, ಅದು ಫೈಟ್ ಹೇಗೆ ಮಾಡುತ್ತೋ? ನೋಡಿದ್ರೆ ಮುಖ ಮುಚ್ಕೊಳುತ್ತೆ.”

ಅವನು ಏನೂ ಹೇಳಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದ. ಆಡಿದ ಮಾತು ಎಲ್ಲಿ ಹೋಗಿ ತಾಗಿತು ಅಂತ ಆಗ ಹೊಳೀತು. ಎದ್ದು ಹೋಗಿ ಒಂದು ನೋಟ್‌ಬುಕ್ ತಂದೆ. “ಸರಿ, ಬೂ ಹೇಗೆ ಫೈಟ್ ಮಾಡುತ್ತೆ ಅಂತ ನಾವೇ ಬರೆಯೋಣ” ಅಂದೆ.

ಮುಂದಿನ ಹತ್ತು ದಿನ ನಮಗೆ ಅದೇ ಕೆಲಸ.

ಮೊದಲು ಅರ್ಹತೆಯ ಪ್ರಶ್ನೆ. ಬೂ ಬರೀ ಒಂದು ಶತ್ರು ಪಾತ್ರ, ಹೀರೋ ಅಲ್ಲ, ಅದಕ್ಕೆ ಅಲ್ಲೇನು ಕೆಲಸ ಅಂತ ನೀವು ಕೇಳಬಹುದು. ಅದಕ್ಕೆ ಒಂದೇ ಉತ್ತರ: ಪಿರಾನಾ ಪ್ಲಾಂಟ್. ಮಾರಿಯೋ ಆಟದಲ್ಲಿ ಪೈಪಿನಿಂದ ತಲೆ ಎತ್ತಿ ಕಚ್ಚೋಕೆ ಬರೋ ಗಿಡ. ಅದನ್ನ ಒಂದು ಕುಂಡದಲ್ಲಿ ನೆಟ್ಟು, 2019ರ ಆರಂಭದಲ್ಲಿ ಹೋರಾಟಗಾರ ಅಂತ ಅಖಾಡಕ್ಕೆ ಇಳಿಸಿದರು. ಕುಂಡದಲ್ಲಿರೋ ಗಿಡಕ್ಕೆ ಜಾಗ ಇದೆ ಅಂದ್ಮೇಲೆ ಕಾಲಿಲ್ಲದ ದೆವ್ವಕ್ಕೆ ಇಲ್ಲ ಅನ್ನೋಕೆ ಆಗಲ್ಲ. ಅಲ್ಲದೆ ಬೂ ಹೊಸಬನೇನಲ್ಲ. ‘ಮಾರಿಯೋ ಟೆನಿಸ್’ನಲ್ಲಿ ರ‍್ಯಾಕೆಟ್ ಹಿಡಿದಿದೆ. ಅದರ ರಾಜ ಕಿಂಗ್ ಬೂ ‘ಮಾರಿಯೋ ಕಾರ್ಟ್’ನಲ್ಲಿ ಕಾರು ಓಡಿಸಿದ್ದಾನೆ. 2001ರ ‘ಲುಯಿಗೀಸ್ ಮ್ಯಾನ್ಷನ್’ನಲ್ಲಂತೂ ಮಾರಿಯೋನನ್ನೇ ಒಂದು ಚಿತ್ರಪಟದೊಳಗೆ ಕೂಡಿಹಾಕಿದವನು ಈ ಕಿಂಗ್ ಬೂ.

ಇನ್ನು ಕಾದಾಟ. ಸ್ಮ್ಯಾಶ್‌ನಲ್ಲಿ ಏಟು ಬಿದ್ದ ಹಾಗೆಲ್ಲ ನಿಮ್ಮ ಶೇಕಡಾ ಏರುತ್ತಾ ಹೋಗುತ್ತೆ. ಶೇಕಡಾ ಏರಿದಷ್ಟೂ ಮುಂದಿನ ಏಟಿಗೆ ದೂರ ಹಾರುತ್ತೀರಿ. ಅಖಾಡದಿಂದ ಆಚೆ ಹಾರಿಹೋದರೆ ಔಟ್. ಇಲ್ಲಿ ಎಲ್ಲರೂ ಲೆಕ್ಕ ಹಾಕೋದು ದೂರವನ್ನ: ಎದುರಾಳಿ ಎಷ್ಟು ಹತ್ತಿರ ಇದ್ದಾನೆ, ನನ್ನ ಕೈ ತಾಗುತ್ತಾ? ಬೂ ಬಂದ್ರೆ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತೆ. ನಾನು ಯಾವ ಕಡೆ ನೋಡ್ತಾ ಇದ್ದೀನಿ?

ಪುಟ್ಟ ಬರೆದ ಮೊದಲ ನಿಯಮ: “ಎದುರಾಳಿ ನೋಡುತ್ತಿದ್ದರೆ ಬೂಗೆ ಏಟು ತಾಗುವುದಿಲ್ಲ.” ಇದು ಅವನ ಕಲ್ಪನೆಯಲ್ಲ. 1996ರ ‘ಸೂಪರ್ ಮಾರಿಯೋ 64’ರಲ್ಲಿ ಬೂ ಹಾಗೇ ಇದೆ. ಮಾರಿಯೋ ನೋಡುವಾಗ ಗಾಜಿನ ಹಾಗೆ ಪಾರದರ್ಶಕ ಆಗಿಬಿಡುತ್ತೆ, ಹೊಡೆದರೂ ತಾಗಲ್ಲ. ಹೊಡೀಬೇಕು ಅಂದ್ರೆ ಬೆನ್ನು ತಿರುಗಿಸಿ, ಅದನ್ನ ಹತ್ತಿರ ಬರಲು ಬಿಡಬೇಕು.

ನನ್ನೊಳಗಿನ ಟೆಸ್ಟರ್ ಎಚ್ಚರವಾದಳು. “ಸರಿ ಪುಟ್ಟ, ನೋಡ್ತಾ ಇದ್ರೆ ಏಟೇ ತಾಗಲ್ಲ ಅಂದ್ರೆ ನಾನು ನೋಡ್ತಾನೇ ನಿಂತಿರ್ತೀನಿ. ನೀನೂ ಹೊಡೆಯಲ್ಲ, ನಾನೂ ಹೊಡೆಯಲ್ಲ. ಆಟ ಮುಗಿಯೋದು ಯಾವಾಗ?”

ಒಂದು ದಿನ ಯೋಚಿಸಿ ತಿದ್ದಿದ: ಮುಖ ಮುಚ್ಚಿದಾಗ ಸ್ವಲ್ಪ ಹೊತ್ತು ಮಾತ್ರ ಏಟು ತಾಗಲ್ಲ. ಆ ಹೊತ್ತು ಮುಗಿದರೆ ಬೂ ಗಟ್ಟಿಯಾಗುತ್ತೆ, ಏಟು ತಿನ್ನುತ್ತೆ. ಅದರ ತೂಕ ತೀರಾ ಕಮ್ಮಿ, ಜಿಗ್ಲಿಪಫ್ ಥರ, ಒಂದು ಒಳ್ಳೆ ಏಟಿಗೆ ಹಾರಿಹೋಗುತ್ತೆ. ಎದುರಾಳಿ ಬೆನ್ನು ಹಾಕಿದ್ರೆ ಮಾತ್ರ ಬೂ ದೊಡ್ಡದಾಗುತ್ತೆ, ಏಟಿನ ಬಲ ಎರಡು ಪಟ್ಟು.

“ಯಾರು ಬೇಕಂತ ಬೆನ್ನು ಹಾಕ್ತಾರೆ?” ಅಂದೆ.

ಅವನು ಕಂಟ್ರೋಲರ್ ತಗೊಂಡು ನನಗೇ ತೋರಿಸಿದ. ಸ್ಮ್ಯಾಶ್‌ನಲ್ಲಿ ಒಮ್ಮೆ ಹಾರಿದರೆ ಗಾಳಿಯಲ್ಲಿ ಸುಮ್ಮನೆ ಆ ಕಡೆ ಈ ಕಡೆ ಮುಖ ತಿರುಗಿಸೋಕೆ ಆಗಲ್ಲ. ಕೆಲವು ವಿಶೇಷ ಪಟ್ಟು ಹಾಕಿದಾಗ ಮಾತ್ರ ತಿರುಗಬಹುದು. ಹಾಗಾಗಿ ಬೂ ತಲೆ ಮೇಲಿಂದ ಹಾರಿ ಆಚೆ ಬಿದ್ದವನ ಬೆನ್ನು ತಾನಾಗೇ ಬೂ ಕಡೆ ಇರುತ್ತೆ. ಇನ್ನೊಂದು, ‘ಬ್ಯಾಕ್ ಏರ್’. ಎದುರಾಳಿಗೆ ಬೆನ್ನು ಮಾಡಿ ಹಾರಿ ಹಿಂದಕ್ಕೆ ಒದೆಯೋ ಪಟ್ಟು. ಎಷ್ಟೋ ಪಾತ್ರಗಳಿಗೆ ಅದೇ ಒಳ್ಳೆ ಆಯುಧ. ಚೆನ್ನಾಗಿ ಆಡೋರು ಬೇಕಂತಲೇ ಬೆನ್ನು ತಿರುಗಿಸಿ ಮುನ್ನುಗ್ಗುತ್ತಾರೆ. ಬೂ ಎದುರು ಅದೇ ಅವರ ಕೊರಳಿಗೆ ಉರುಳು. ಇನ್ನು ನಾಲ್ಕು ಜನ ಒಟ್ಟಿಗೆ ಆಡೋ ಆಟದಲ್ಲಂತೂ ಯಾರೋ ಒಬ್ಬರ ಬೆನ್ನು ಯಾವಾಗಲೂ ಬೂ ಕಡೆ ಇದ್ದೇ ಇರುತ್ತೆ.

ಹಾಗಂತ ಬೂಗೆ ಸರಿಯಾದ ಶತ್ರುವೂ ಇದ್ದಾನೆ. ರ‍್ಯೂ, ಕೆನ್, ಟೆರ‍್ರಿ, ಕಝುಯಾ ಈ ನಾಲ್ವರೂ ಹಳೇ ಒಬ್ಬರಿಗೊಬ್ಬರು ಫೈಟಿಂಗ್ ಗೇಮ್‌ಗಳಿಂದ ಬಂದವರು. ಇಬ್ಬರೇ ಆಡುವಾಗ ಅವರ ಮುಖ ತಾನಾಗೇ ಎದುರಾಳಿ ಕಡೆಗೆ ತಿರುಗುತ್ತೆ. ಅಂದ್ರೆ ಬೂ ಎಲ್ಲಿ ಹೋದರೂ ದಿಟ್ಟಿಸುತ್ತಲೇ ಇರುತ್ತಾರೆ. ಪುಟ್ಟ ಆ ನಾಲ್ಕು ಹೆಸರು ಬರೆದು ಪಕ್ಕದಲ್ಲಿ ಸೇರಿಸಿದ: “ನಮ್ಮ ಕ್ಲಾಸ್ ಟೀಚರ್ ಥರ.”

ವಿಶೇಷ ಪಟ್ಟುಗಳು ನಾಲ್ಕು ಬೇಕು. ಒಂದು, ಮುಖ ಮುಚ್ಚಿಕೊಳ್ಳೋದು. ಎರಡು, ಎದುರಾಳಿಯ ಮೈಯೊಳಗಿಂದಲೇ ತೂರಿ ಬೆನ್ನ ಹಿಂದೆ ಹೋಗಿ ನಿಲ್ಲೋದು. ದೆವ್ವಕ್ಕೆ ಗೋಡೆಯೇ ಅಡ್ಡಿಯಲ್ಲ, ಮನುಷ್ಯ ಯಾವ ಲೆಕ್ಕ? ಮೂರು, ಮಾಯವಾಗಿ ಮೇಲೆ ಮೂಡೋದು. ಆಚೆ ಬಿದ್ದಾಗ ವಾಪಸ್ ಬರೋಕೆ ಇದು ಬೇಕೇ ಬೇಕು. ನಾಲ್ಕು, ಕಳ್ಳತನ. ‘ಮಾರಿಯೋ ಪಾರ್ಟಿ’ ಆಟಗಳಲ್ಲಿ ಬೂ ಬೇರೆ ಆಟಗಾರರ ನಾಣ್ಯ, ನಕ್ಷತ್ರ ಕದ್ದು ತಂದುಕೊಡುತ್ತೆ. ಇಲ್ಲಿ ಎದುರಾಳಿ ಕೈಯಲ್ಲಿರೋ ವಸ್ತು ಎಗರಿಸಲಿ. ಕೊನೆಯ ಮಹಾಪಟ್ಟು ‘ಫೈನಲ್ ಸ್ಮ್ಯಾಶ್’ಗೆ ಕಿಂಗ್ ಬೂ ಬಂದು ಎದುರಾಳಿಗಳನ್ನ ಚಿತ್ರಪಟದೊಳಗೆ ಹಾಕಿ ಗೋಡೆಗೆ ನೇತು ಹಾಕಲಿ.

ಸ್ಮ್ಯಾಶ್‌ಗೆ ಯಾರೇ ಹೊಸಬರು ಬಂದರೂ ಕಿರ್ಬಿಗೆ ಒಂದು ಹೊಸ ವೇಷ ಹೊಲಿಸಬೇಕು. ಕಿರ್ಬಿ ಎದುರಾಳಿಯನ್ನ ನುಂಗಿ ಅವರ ರೂಪ, ವಿದ್ಯೆ ಎರಡನ್ನೂ ಎರವಲು ಪಡೆಯೋ ಗುಲಾಬಿ ಉಂಡೆ. ಪುಟ್ಟ ಅದನ್ನೂ ಬರೆದ: ಬಿಳಿ ಟೋಪಿ ಹಾಕಿ, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ ಕಿರ್ಬಿ.

ಕೊನೆಗೆ ನಾನು ಒಂದು ಟೆಸ್ಟ್ ಕೇಸ್ ಕೊಟ್ಟೆ. “ಇಬ್ಬರೂ ಬೂ ತಗೊಂಡ್ರೆ?”

ಅವನು ಯೋಚಿಸಿದ. ಎರಡು ಬೂ, ಎದುರುಬದುರು. ಇದು ಅದನ್ನ ನೋಡುತ್ತೆ, ಅದು ಮುಖ ಮುಚ್ಚುತ್ತೆ. ಅದು ಇದನ್ನ ನೋಡುತ್ತೆ, ಇದೂ ಮುಖ ಮುಚ್ಚುತ್ತೆ. ಏನೂ ಆಗಲ್ಲ. ಇಬ್ಬರಿಗೂ ನಗು ತಡೆಯೋಕೆ ಆಗಲಿಲ್ಲ. ಮದುವೆ ಮನೆಯಲ್ಲಿ ನನ್ನನ್ನೂ ಅವನನ್ನೂ ಒಂದೇ ಸೋಫಾ ಮೇಲೆ ಕೂರಿಸಿದ್ರೆ ಆಗೋದೂ ಅದೇ.

ಇಷ್ಟು ಬರೆಯೋ ಹೊತ್ತಿಗೆ ಬೂ ಹುಟ್ಟಿದ ಕಥೆಯೂ ನನಗೆ ಸಿಕ್ಕಿತು. ಮಾರಿಯೋನ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ ಅವರೇ ಹೇಳಿಕೊಂಡಿರೋದು. ಅವರ ಸಹೋದ್ಯೋಗಿ ತಕಾಶಿ ತೆಜುಕಾ ಆಗ ಹಗಲೂ ರಾತ್ರಿ ಆಫೀಸಿನಲ್ಲೇ ಇರೋರು. ಅವರ ಹೆಂಡತಿ ತುಂಬಾ ಮೆತ್ತಗಿನ ಹೆಂಗಸು, ಹೆಚ್ಚು ಮಾತಿಲ್ಲ. ಗಂಡ ಯಾವಾಗ ನೋಡಿದರೂ ಕೆಲಸ ಕೆಲಸ ಅಂತ ಇರೋದು ಸಾಕಾಗಿ ಒಂದು ದಿನ ಸಿಡಿದೆದ್ದರಂತೆ. ಆ ಘಟನೆಯೇ ಆಟದೊಳಗೆ ಬಂತು. ನೋಡುವಾಗ ಕುಗ್ಗುವ, ಬೆನ್ನು ತಿರುಗಿಸಿದಾಗ ದೊಡ್ಡದಾಗಿ ಹೆದರಿಸುವ ದೆವ್ವ ಹುಟ್ಟಿತು.

ರಾತ್ರಿ ಹತ್ತೂವರೆಗೆ ಆಫೀಸಿನಿಂದ ಬಂದ ನಮ್ಮನೆಯವರಿಗೆ ಊಟ ಬಡಿಸ್ತಾ ಈ ಕಥೆ ಹೇಳಿದೆ. ಅವರು ತಟ್ಟೆ ನೋಡ್ತಾ, “ನನಗೆ ಬುದ್ಧಿ ಹೇಳೋಕೆ ಜಪಾನ್ ತನಕ ಹೋಗ್ಬೇಕಿತ್ತಾ?” ಅಂದ್ರು. ನಾನು ಮಾತಾಡದೆ ಸಾರು ಬಡಿಸಿದೆ. ಮಾರನೇ ದಿನ ಎಂಟಕ್ಕೇ ಬಂದ್ರು. ಅದರ ಮಾರನೇ ದಿನ ಮತ್ತೆ ಹತ್ತೂವರೆ. ಇರಲಿ, ಒಂದು ದಿನವಾದ್ರೂ ಬಂದ್ರಲ್ಲ.

ಆದ್ರೆ ಆ ಕಥೆಯಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೇನೋ. ಮೂವತ್ತಕ್ಕೂ ಹೆಚ್ಚು ವರ್ಷದಿಂದ ನಾವೆಲ್ಲ ಬೂ ನೋಡಿ ‘ಪಾಪ, ನಾಚಿಕೆ ದೆವ್ವ’ ಅಂತ ನಗುತ್ತಾ ಬಂದಿದ್ದೀವಿ. ಅದು ಹುಟ್ಟಿದ್ದು ನಾಚಿಕೆಯೊಂದರಿಂದಲೇ ಅಲ್ಲ. ಯಾರೂ ತಮ್ಮ ಕಡೆ ತಿರುಗಿ ನೋಡಲಿಲ್ಲ ಅನ್ನೋ ಒಬ್ಬರ ಸಿಟ್ಟೂ ಅದರಲ್ಲಿದೆ. ಮೆತ್ತಗಿರೋರ ಜೊತೆ ನಾವು ಮಾಡೋ ತಪ್ಪು ಎರಡು ಥರ. ಒಂದೋ ಎಲ್ಲರ ಮುಂದೆ ನಿಲ್ಲಿಸಿ, “ಮಾತಾಡು, ಮಾತಾಡು” ಅಂತ ದಿಟ್ಟಿಸ್ತೀವಿ. ಇಲ್ಲಾ, ಹೇಗಿದ್ರೂ ಏನೂ ಹೇಳಲ್ವಲ್ಲ ಅಂತ ಬೆನ್ನು ತಿರುಗಿಸಿ ನಮ್ಮ ಪಾಡಿಗೆ ನಾವಿರ್ತೀವಿ. ಆ ದೆವ್ವಕ್ಕೆ ಈ ಎರಡೂ ಗೊತ್ತು.

ಅದಕ್ಕೇ ಬೂ ಅಖಾಡಕ್ಕೆ ಬರಬೇಕು ಅನ್ನೋದು ನನ್ನ ವಾದ. ಆ 89 ಜನರಲ್ಲಿ ಹೆಚ್ಚಿನವರು ಎದೆ ಸೆಟೆಸಿ, ಕೂಗಿ ಬರೋರೇ. ನೋಡಿದರೆ ಕುಗ್ಗುವ ಒಬ್ಬರು, ಆ ಕುಗ್ಗುವಿಕೆಯನ್ನ ಬಿಡದೆ, ಅದನ್ನೇ ಪಟ್ಟು ಮಾಡಿಕೊಂಡು ಗೆಲ್ಲೋದನ್ನ ಮಕ್ಕಳು ಒಂದು ಸಲ ಆಡಿ ನೋಡಲಿ. ‘ಅಲ್ಟಿಮೇಟ್’ನ ಬಾಗಿಲು 2021ರ ಅಕ್ಟೋಬರ್‌ನಲ್ಲಿ ಸೋರಾ ಬಂದಾಗಲೇ ಮುಚ್ಚಿತು, ನಿಜ. ಇನ್ನು ಸೇರಿಸೋದೇನಿದ್ದರೂ ಮುಂದಿನ ಆಟಕ್ಕೆ. ಆದ್ರೆ 2015ರಲ್ಲಿ ನಿಂಟೆಂಡೊ ಪ್ರಪಂಚದ ಆಟಗಾರರನ್ನೆಲ್ಲ ‘ಯಾರು ಬರಬೇಕು ಹೇಳಿ’ ಅಂತ ಮತ ಕೇಳಿತ್ತು. ಆ ಮತಗಳ ಬಲದಿಂದ ಬಯೊನೆಟ್ಟಾ ಒಳಗೆ ಬಂದಳು. ಮತ್ತೆ ಕೇಳಿದರೆ ನಮ್ಮನೆಯಿಂದ ಎರಡು ಮತ ತಯಾರಿದೆ. ಕೇಳದಿದ್ದರೂ ನೋಟ್‌ಬುಕ್ ಇದೆ.

ಪುಟ್ಟ ಊರಿಗೆ ಹೊರಡೋ ಹಿಂದಿನ ದಿನ ಅಕ್ಕ ಫೋನ್ ಮಾಡಿದ್ಲು. “ಏನೇ, ಸ್ವಲ್ಪ ಮಾತಾಡೋದು ಕಲಿತನಾ?”

“ಕಲಿಯೋದೇನಿಲ್ಲ ಕಣೇ ಅಕ್ಕ. ಅವನಿಗೆ ಮಾತು ಚೆನ್ನಾಗೇ ಬರುತ್ತೆ” ಅಂದೆ. ಆಮೇಲೆ, ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನೂ ಹೇಳಿದೆ. ಮೀಟಿಂಗ್‌ನಲ್ಲಿ ನನ್ನ ಗಂಟಲು ಕಟ್ಟೋದು, ಕ್ಯಾಮೆರಾ ಸರಿ ಇಲ್ಲ ಅಂತ ಸುಳ್ಳು ಹೇಳೋದು, ಎಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. “ನೀನು ಯಾವತ್ತೂ ಹೇಳಲೇ ಇಲ್ವಲ್ಲೇ” ಅಂದ್ಲು. “ನೀನು ಕೇಳಲಿಲ್ಲ” ಅಂದೆ. ಜಗಳ ಆಗಬಹುದು ಅಂದ್ಕೊಂಡೆ. ಆಗಲಿಲ್ಲ. “ಅವನನ್ನ ಬೈಬೇಡ ಬಿಡು, ನಾಳೆ ನಾನೇ ಬಂದು ಕರ್ಕೊಂಡು ಹೋಗ್ತೀನಿ” ಅಂದ್ಲು, ನಾನು ಬೈತಾ ಇರೋ ಹಾಗೆ.

ಅವತ್ತು ರಾತ್ರಿ ಊಟ ಆದ್ಮೇಲೆ ಪುಟ್ಟ ಬಂದು ನನ್ನ ಪಕ್ಕ ನಿಂತ. “ಚಿಕ್ಕಮ್ಮ, ಗೋಡೆ ಕಡೆ ತಿರುಗಿ ಕೂತ್ಕೋ.”

ಯಾಕೆ ಅಂತ ಕೇಳಲಿಲ್ಲ. ಕುರ್ಚಿ ತಿರುಗಿಸಿ, ಕ್ಯಾಲೆಂಡರ್ ತೂಗುಹಾಕಿದ ಗೋಡೆಗೆ ಮುಖ ಮಾಡಿ ಕೂತೆ. ಹಿಂದೆ ಒಂದು ಸಲ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಪದ್ಯ ಶುರುವಾಯ್ತು. ಸ್ಕೂಲ್ ಡೇ ದಿನ ಸ್ಟೇಜ್ ಮೇಲೆ ನಿಂತುಹೋದ ಅದೇ ಪದ್ಯ. ಮೊದಲು ಪಿಸುಮಾತಿನ ಹಾಗೆ, ಬರ್ತಾ ಬರ್ತಾ ಜೋರಾಗಿ. ನಡುವೆ ಒಂದು ಕಡೆ ತಡವರಿಸಿದ. ತಿರುಗಿ ನೋಡಬೇಕು, ಸಾಲು ಎತ್ತಿಕೊಡಬೇಕು ಅಂತ ಕುತ್ತಿಗೆವರೆಗೂ ಬಂತು. ಕ್ಯಾಲೆಂಡರಿನ ತಾರೀಖು ನೋಡ್ತಾ ತಡ್ಕೊಂಡೆ. ಅವನೇ ಹುಡುಕಿಕೊಂಡ. ಪೂರ್ತಿ ಹೇಳಿದ.

“ಈಗ ತಿರುಗಲಾ?” ಅಂದೆ.

“ಬೇಡ, ಇರು” ಅಂದ. “ಇನ್ನೊಂದ್ಸಲ ಹೇಳ್ತೀನಿ.”